ಸ್ಲೆಡ್ಜ್‌ಹ್ಯಾಮರ್: ಸಮ್ಮಟಿಗೆಯ ಪೆಟ್ಟು, ಮಾತಿನ ಪೆಟ್ಟು

ಸ್ಲೆಡ್ಜ್‌ಹ್ಯಾಮರ್ ಎಂಬ ಪದಕ್ಕೆ ‘ದೊಡ್ಡ ಸುತ್ತಿಗೆ’ ಎಂದು ಬರೆದುಕೊಂಡು ಮುಂದೆ ಹೋಗುವವರೇ ಹೆಚ್ಚು. ತಪ್ಪೇನಿಲ್ಲ. ಆದರೆ ಇಂಗ್ಲಿಷ್ ಪತ್ರಿಕೆಯಲ್ಲಿ ಈ ಪದ ಎದುರಾದಾಗ ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಸುತ್ತಿಗೆಯೇ ಇರುವುದಿಲ್ಲ. ಹಾಗಾಗಿ ಮೊದಲು ಉಪಕರಣವನ್ನು ಸರಿಯಾಗಿ ನೋಡಿಬಿಡೋಣ. ಆಮೇಲೆ ಉಳಿದ ಅರ್ಥಗಳನ್ನು ಉರುಹೊಡೆಯಬೇಕಾಗಿಲ್ಲ.

ಕನ್ನಡದಲ್ಲಿ ಇದಕ್ಕೆ ಸಮ್ಮಟಿಗೆ ಎನ್ನುತ್ತೇವೆ. ಕುಲುಮೆಯಲ್ಲಿ ಕಮ್ಮಾರ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡೆಗಲ್ಲಿನ ಮೇಲಿಟ್ಟು, ಪೆಟ್ಟು ಎಲ್ಲಿ ಬೀಳಬೇಕೆಂದು ಚಿಕ್ಕ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾನೆ. ಎದುರು ನಿಂತವನು ಎರಡೂ ಕೈಯಲ್ಲಿ ಸಮ್ಮಟಿಗೆ ಎತ್ತಿ ಅಲ್ಲಿಗೇ ಹಾಕುತ್ತಾನೆ. ಲೆಕ್ಕ ಚಿಕ್ಕದರದು, ಬಲ ದೊಡ್ಡದರದು. ಬಡಗಿಯ ಸಾಧಾರಣ ಸುತ್ತಿಗೆಯ ತಲೆ 16 ಔನ್ಸ್, ಅಂದರೆ ಸುಮಾರು 450 ಗ್ರಾಂ. 10 ಪೌಂಡಿನ ಸಮ್ಮಟಿಗೆ ಅದರ ಹತ್ತರಷ್ಟು, ನಾಲ್ಕೂವರೆ ಕಿಲೋ. ಕಾವು, ಅಂದರೆ ಹಿಡಿಕೆ, ಸುಮಾರು 3 ಅಡಿ. ಎತ್ತುವಾಗ ಒಂದು ಕೈ ತಲೆಯ ಹತ್ತಿರ ಇರುತ್ತದೆ, ಬೀಸುವಾಗ ಅದೇ ಕೈ ಕಾವಿನ ಮೇಲೆ ಜಾರಿ ಇನ್ನೊಂದು ಕೈಯನ್ನು ಸೇರುತ್ತದೆ. ಒಮ್ಮೆ ಇಳಿಯತೊಡಗಿತೆಂದರೆ ಅದನ್ನು ತಡೆಯುವುದೂ ಕಷ್ಟ, ದಾರಿ ತಿರುಗಿಸುವುದೂ ಕಷ್ಟ. ತೂಕ ಬಹಳ, ನಾಜೂಕು ಇಲ್ಲ: ಇವೆರಡನ್ನು ನೆನಪಿಟ್ಟುಕೊಳ್ಳಿ.

ಹುಟ್ಟಿನ ವಿಷಯ. ಹಳೆಯ ಇಂಗ್ಲಿಷಿನಲ್ಲಿ ‘ಸ್ಲೆಜ್’ ಎಂಬ ಒಂದೇ ಪದಕ್ಕೆ ಭಾರದ ಸುತ್ತಿಗೆ ಎಂಬ ಅರ್ಥವಿತ್ತು. ಕೊಲ್ಲು ಎಂಬರ್ಥದ ‘ಸ್ಲೇ’ ಇದರ ನೆಂಟ, ಎರಡರ ಬೇರೂ ಹೊಡೆಯುವುದೇ. ‘ಹ್ಯಾಮರ್’ ಆಮೇಲೆ ಅಂಟಿಕೊಂಡದ್ದು, ನಾವು ‘ಗೇಟು ಬಾಗಿಲು’ ಅನ್ನುವ ಹಾಗೆ. ಹಿಮದ ಮೇಲೆ ಜಾರುವ ಬಂಡಿಗೂ ಸ್ಲೆಡ್ಜ್ ಎನ್ನುತ್ತಾರೆ. ಅದು ಡಚ್ ಭಾಷೆಯಿಂದ ಬಂದ ಬೇರೆಯೇ ಪದ, ಕಾಗುಣಿತವಷ್ಟೇ ಒಂದು. ಬರೆಯುವಾಗ ನಡುವಿನ ‘ಡಿ’ ಅಕ್ಷರ ಬಿಡಬೇಡಿ. ಎರಡು ಪದಗಳಾಗಿ ಒಡೆಯಲೂ ಬೇಡಿ.

ಇನ್ನು ರೂಢಿಯ ಅರ್ಥಗಳು. ‘ಸ್ಲೆಡ್ಜ್‌ಹ್ಯಾಮರ್ ಬ್ಲೋ’ ಸುಲಭ: ಭಾರಿ ಪೆಟ್ಟು. ನಮ್ಮ ಪತ್ರಿಕೆಗಳು ಇಂಥ ಕಡೆ ‘ಕೊಡಲಿ ಪೆಟ್ಟು’ ಎಂದುಬಿಡುತ್ತವೆ. ಕೊಡಲಿ ಬುಡ ಕಡಿಯುತ್ತದೆ, ಸಮ್ಮಟಿಗೆ ಜಜ್ಜುತ್ತದೆ. ಹೊಡೆತ ತಿಂದದ್ದು ಪೂರ್ತಿ ಉರುಳದೆ ತತ್ತರಿಸಿದ್ದರೆ ‘ಭಾರಿ ಪೆಟ್ಟು’ ಎಂಬುದೇ ಮೇಲು.

‘ಆಸ್ ಸಟಲ್ ಆಸ್ ಎ ಸ್ಲೆಡ್ಜ್‌ಹ್ಯಾಮರ್’ ಎಂಬುದನ್ನು ‘ಸುತ್ತಿಗೆಯಷ್ಟು ಸೂಕ್ಷ್ಮ’ ಎಂದು ಅನುವಾದಿಸಿದರೆ ಕೆಟ್ಟಿತು. ಇದು ವ್ಯಂಗ್ಯ. ಸೂಕ್ಷ್ಮ ಎಂಬುದರ ಸುಳಿವೇ ಇಲ್ಲದವನು ಎಂದರ್ಥ. ಅಂಥವನ ಮಾತು ಕೇಳಿಸಿಕೊಂಡವರಿಗೆ ಮುಖಕ್ಕೆ ರಾಚಿದ ಹಾಗಿರುತ್ತದೆ.

ಹೆಚ್ಚು ಎಡವುವುದು ‘ಯೂಸ್ ಎ ಸ್ಲೆಡ್ಜ್‌ಹ್ಯಾಮರ್ ಟು ಕ್ರ್ಯಾಕ್ ಎ ನಟ್’ ಎಂಬಲ್ಲಿ. ಇಲ್ಲಿನ ನಟ್ ಬೋಲ್ಟಿನ ಜೋಡಿಯಲ್ಲ, ಅಕ್ರೋಟಿನಂಥ ಗಟ್ಟಿ ಚಿಪ್ಪಿನ ಕಾಯಿ. ಅಕ್ರೋಟನ್ನು ಸಮ್ಮಟಿಗೆಯಿಂದ ಹೊಡೆದರೆ ಚಿಪ್ಪಿನ ಜೊತೆ ತಿರುಳೂ ಪುಡಿ. ಆದ್ದರಿಂದ ‘ಅನವಶ್ಯಕ ಬಲ’ ಎಂದಷ್ಟೇ ಬರೆದರೆ ಅರ್ಧ ಅರ್ಥ. ಉಳಿಸಬೇಕಾದದ್ದೂ ಹಾಳಾಗುತ್ತದೆ ಎಂಬ ಎಚ್ಚರಿಕೆ ಆ ಮಾತಿನಲ್ಲೇ ಇದೆ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂದು ಉತ್ತರ ಬರೆಯುವವರಿದ್ದಾರೆ. ಹೊಂದುವುದಿಲ್ಲ, ಅಲ್ಲಿ ಶ್ರಮಕ್ಕೆ ತಕ್ಕ ಫಲವಿಲ್ಲ ಎಂಬ ಕೊರಗು. ‘ಗುಬ್ಬಿ ಮೇಲೆ ಬ್ರಹ್ಮಾಸ್ತ್ರ’ ಹತ್ತಿರ ಬರುತ್ತದೆ. ಚಿಕ್ಕ ಸಾಧನವೇ ಸಾಕಿತ್ತು ಎಂಬುದು ಮುಖ್ಯವಾದಾಗ ‘ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ’ ಇನ್ನೂ ಚೆನ್ನ.

ಕಾನೂನು ಓದುವವರಿಗೆ ಈ ನುಡಿಗಟ್ಟು ಮತ್ತೆ ಮತ್ತೆ ಸಿಗುತ್ತದೆ. 1983ರಲ್ಲಿ ವರದಿಯಾದ ಗೋಲ್ಡ್‌ಸ್ಟೀನ್ ಪ್ರಕರಣದಲ್ಲಿ ಬ್ರಿಟನ್ನಿನ ನ್ಯಾಯಾಧೀಶ ಲಾರ್ಡ್ ಡಿಪ್ಲಾಕ್, ಅಡಕತ್ತರಿಯಂಥ ನಟ್‌ಕ್ರ್ಯಾಕರ್ ಸಾಕಾಗುವಲ್ಲಿ ಉಗಿ ಸುತ್ತಿಗೆ (ಉಗಿಯ ಬಲದಿಂದ ನಡೆಯುವ ಭಾರಿ ಸುತ್ತಿಗೆ ಯಂತ್ರ) ಬಳಸಬಾರದು ಎಂಬರ್ಥದಲ್ಲಿ ಹೇಳಿದರು. ಸರ್ಕಾರದ ಕ್ರಮ ಉದ್ದೇಶವನ್ನು ಮೀರಿರಬಾರದು ಎಂಬ ಅನುಪಾತ ತತ್ತ್ವದ ಚಿತ್ರ ಅದು. ತಮಾಷೆಯೆಂದರೆ, ಎಂಜಿನಿಯರ್ ಜೇಮ್ಸ್ ನ್ಯಾಸ್ಮಿತ್ 1842ರಲ್ಲಿ ಪೇಟೆಂಟ್ ಪಡೆದ ಉಗಿ ಸುತ್ತಿಗೆ ಬಲು ನಾಜೂಕಿನದು. ವೈನ್ ಲೋಟದಲ್ಲಿಟ್ಟ ಮೊಟ್ಟೆಯನ್ನು, ಲೋಟ ಒಡೆಯದ ಹಾಗೆ ಬಿರಿಯುವಂತೆ ಮಾಡಿ ತೋರಿಸುವುದೇ ಅದರ ಹೆಸರುವಾಸಿ ಪ್ರದರ್ಶನವಾಗಿತ್ತು. ಹಾಗಾಗಿ ಉಪಮೆಗೆ ಸಮ್ಮಟಿಗೆಯೇ ಸರಿ.

ಕ್ರಿಕೆಟ್ಟಿನ ‘ಸ್ಲೆಡ್ಜಿಂಗ್’ ಇಲ್ಲಿಂದಲೇ ಬಂದದ್ದು ಎನ್ನುತ್ತಾರೆ. 1960ರ ದಶಕದ ಆಸ್ಟ್ರೇಲಿಯಾದಲ್ಲಿ ಹೆಂಗಸರ ಎದುರು ಹೊಲಸು ಮಾತಾಡಿದ ಆಟಗಾರನೊಬ್ಬನನ್ನು ಜೊತೆಗಾರರು ‘ಸ್ಲೆಡ್ಜ್‌ಹ್ಯಾಮರಿನಷ್ಟು ಸೂಕ್ಷ್ಮ’ ಎಂದು ಹಂಗಿಸಿದ್ದೇ ಮೂಲ ಎಂಬುದು ಆ ದೇಶದ ಮಾಜಿ ನಾಯಕ ಇಯಾನ್ ಚಾಪೆಲ್ ಹೇಳುವ ಕಥೆ. ಆ ಕಥೆಯ ಪ್ರಕಾರ, ಮೇಲೆ ನೋಡಿದ ವ್ಯಂಗ್ಯವೇ ‘ಹ್ಯಾಮರ್’ ಕಳೆದುಕೊಂಡು, ಬ್ಯಾಟರನ ಗಮನ ಕೆಡಿಸುವ ಬೈಗುಳಕ್ಕೆ ಹೆಸರಾಯಿತು. ಈಗ ಅದು ಕ್ರಿಯಾಪದವೂ ಹೌದು: ‘ದೇ ಸ್ಲೆಡ್ಜ್ಡ್ ಹಿಮ್’ ಎಂದರೆ ಅವನನ್ನು ಮಾತಲ್ಲೇ ಕೆಣಕಿದರು. ಆದರೆ ವಾಕ್ಯದಲ್ಲಿ ಮಕ್ಕಳು, ಗುಡ್ಡ, ಹಿಮ ಕಂಡರೆ ನಿಲ್ಲಿ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಗೋ ಸ್ಲೆಡ್ಜಿಂಗ್’ ಎಂದರೆ ಜಾರುಬಂಡಿ ಆಡಲು ಹೋಗುವುದು, ಅಲ್ಲಿ ಯಾರೂ ಯಾರನ್ನೂ ಬೈಯುತ್ತಿಲ್ಲ.