ಹೆಲ್ಸಿಂಕಿಯ ಪಾರ್ಕು ನೋಡಲು ಯಾವ ತಿಂಗಳು ಬರಬೇಕು?

ಪ್ರಶ್ನೆ: ಮಗ, ಸೊಸೆ ಫಿನ್‌ಲೆಂಡಿನ ಎಸ್ಪೋದಲ್ಲಿದ್ದಾರೆ. ನಮ್ಮಿಬ್ಬರಿಗೂ ಗಿಡ, ಹೂವು ಅಂದರೆ ಪ್ರಾಣ. ನಮ್ಮ ಕಡೆ ಬಿಸಿಲು ಏರುವ ಮಾರ್ಚ್ ಕೊನೆಗೆ ಹೊರಟು ಜೂನ್ ಹೊತ್ತಿಗೆ ವಾಪಸಾಗೋಣ ಎಂದಿದ್ದೇವೆ. ಹೆಲ್ಸಿಂಕಿ ಸುತ್ತಮುತ್ತಲ ಉದ್ಯಾನ ನೋಡಲು ಅದು ಸರಿಯಾದ ಕಾಲವೇ? ಚಳಿಗಾಲದಲ್ಲಿ ಎಲ್ಲ ಮುಚ್ಚಿಬಿಡುತ್ತಾರಂತೆ, ಹೌದೇ?

ಉತ್ತರ: ಟಿಕೆಟ್ ಇನ್ನೂ ಮಾಡಿಸಿಲ್ಲ ತಾನೆ? ಹಾಗಿದ್ದರೆ ಬಚಾವು. ಆರೇಳು ವಾರ ತಡೆದು ಮೇ ನಡುವಿಗೆ ಹೊರಡಿ, 90 ದಿನ ತುಂಬುವ ಮುಂಚೆ, ಆಗಸ್ಟ್ ಎರಡನೇ ವಾರದೊಳಗೆ ಹಿಂದಿರುಗಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ಆ 90ರಲ್ಲಿ ಒಂದು ದಿನವನ್ನೂ ಏಪ್ರಿಲ್‌ಗೆ ಕೊಡಬೇಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಇಲ್ಲಿಗೆ ಬಂದ ಮೊದಲ ವರ್ಷ ನಿಮ್ಮ ಹಾಗೆಯೇ ಲೆಕ್ಕ ಹಾಕಿ ಅಪ್ಪ, ಅಮ್ಮನನ್ನು ಏಪ್ರಿಲ್ ಮೊದಲ ವಾರ ಕರೆಸಿಕೊಂಡೆ. ಊರಲ್ಲಿ ಮಾವಿನ ಮರದ ತುಂಬ ಮಿಡಿ. ಇಲ್ಲಿ ರಸ್ತೆ ಬದಿಗೆ ಕಪ್ಪು ಹಿಡಿದ ಹಿಮದ ಗುಡ್ಡೆ, ಅದರಡಿಯಿಂದ ಒಂದೊಂದಾಗಿ ಹೊರಬರುವ ನಾಲ್ಕು ತಿಂಗಳ ಕಸ. ಚಳಿಗಾಲದಲ್ಲಿ ಜನ ಜಾರಿ ಬೀಳದಿರಲೆಂದು ಕಾಲುದಾರಿಗೆ ಸಣ್ಣ ಜಲ್ಲಿ ಚೆಲ್ಲಿರುತ್ತಾರೆ. ಹಿಮ ಕರಗಿದ ಮೇಲೆ, ಗುಡಿಸುವ ಗಾಡಿ ಬರುವ ತನಕ, ಅದರ ಧೂಳೆಲ್ಲ ನಮ್ಮ ಕಣ್ಣಿಗೇ. ಹುಲ್ಲಿಗೆ ಹಳೇ ಚಾಪೆಯ ಬಣ್ಣ. ಅಮ್ಮ ಬೆಂಚಿನ ಮೇಲೆ ಸೆರಗು ಬಿಗಿಯಾಗಿ ಹೊದ್ದು ಕೂತು ಹೇಳಿದ್ದು ಇಷ್ಟೇ: "ಇದಕ್ಕಿಂತ ನಮ್ಮ ಹಿತ್ತಲೇ ವಾಸಿ ಕಣೋ."

ದಕ್ಷಿಣ ಫಿನ್‌ಲೆಂಡಿನಲ್ಲಿ ಗಿಡ ಬೆಳೆಯುವ ಕಾಲ ಶುರುವಾಗುವುದೇ ಏಪ್ರಿಲ್ ಕೊನೆಯ ಹೊತ್ತಿಗೆ. ಮೊದಲು ಹುಲ್ಲಿನ ನಡುವೆ ನೀಲಿ ಸಿಲ್ಲಾ ಹೂವು, ಮೇ ನಡುವಿನಲ್ಲಿ ಬರ್ಚ್ ಮರಕ್ಕೆ ಎಲೆ. ಅಲ್ಲಿಂದ ಮುಂದೆ ಗಿಡಗಳಿಗೆ ಪುರುಸೊತ್ತೇ ಇಲ್ಲ. ನಮ್ಮಲ್ಲಿ ಹೂಗಳು ವರ್ಷವಿಡೀ ಸರದಿಯ ಮೇಲೆ ಬರುತ್ತವೆ. ಇಲ್ಲಿ ಆ ಸರದಿಯನ್ನೆಲ್ಲ ಮೂರು ತಿಂಗಳೊಳಗೆ ಮುಗಿಸಬೇಕು. ಹಾಗಾಗಿ ಯಾವ ತಿಂಗಳು ಎನ್ನುವುದಕ್ಕಿಂತ ಯಾವ ವಾರ ಎಂದು ಕೇಳುವುದೇ ಮೇಲು.

ಮೇ ನಡುವಿನ ವಾರ ರೊಯ್ಹುವುಒರಿ ಬಡಾವಣೆಯ ಚೆರ್ರಿ ಪಾರ್ಕಿಗೆ ಹೋಗಿ. ಜಪಾನ್ ನಂಟಿರುವವರ ದೇಣಿಗೆಯಿಂದ 2007ರಲ್ಲಿ ನೆಡಲು ಶುರುಮಾಡಿದ ಮರಗಳಿವು. ಹೂವು ನಿಲ್ಲುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಭಾನುವಾರ ಜಾತ್ರೆಯಷ್ಟು ಜನ ಸೇರುತ್ತಾರೆ, ವಾರದ ದಿನ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಜೂನ್ ಹುಟ್ಟಿದೊಡನೆ ನಗರದ ಮೂಲೆಮೂಲೆಯಲ್ಲಿ ಲೈಲಾಕ್ ಅರಳುತ್ತದೆ, ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ, ವಾಸನೆಯೇ ನಿಮ್ಮನ್ನು ಹುಡುಕುತ್ತದೆ.

ಒಂದೇ ಜಾಗ ನೋಡಲು ಸಾಧ್ಯ ಎಂದರೆ ನಾನು ಹೇಳುವುದು ಹಾಗಾ ಎಂಬ ಬಡಾವಣೆಯ ರೋಡೊಡೆಂಡ್ರಾನ್ ಹೂಪೊದೆಗಳ ಪಾರ್ಕು. ಜೂನ್ ಮೊದಲ ಹದಿನೈದು ದಿನ ಅದರ ಕಾಲ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಚಳಿ ತಾಳುವ ತಳಿಗಳನ್ನು ಪರೀಕ್ಷಿಸಲೆಂದು 1975ರಲ್ಲಿ ಇಲ್ಲಿ ಗಿಡ ನೆಡಲು ಶುರುಮಾಡಿದರು. ಪರೀಕ್ಷೆಗೆಂದು ನೆಟ್ಟದ್ದೇ ಪೈನ್ ಮರಗಳ ನಡುವೆ ಆಳೆತ್ತರ ಮೀರಿ ಕಾಡಾಗಿದೆ. ಮೈನಸ್ 30 ಡಿಗ್ರಿಗೂ ಕೆಳಗಿನ ಚಳಿ ಉಂಡು ಬದುಕುವ ತಳಿಗಳು ಇಂಥ ಪ್ರಯೋಗಗಳಿಂದಲೇ ಬಂದವು. ನೆಲ ಜೌಗಾದ್ದರಿಂದ ಹಲಗೆಯ ದಾರಿ ಹಾಕಿದ್ದಾರೆ. ಎರಡೂ ಕಡೆ ಗುಲಾಬಿ, ನೇರಳೆ, ಬಿಳಿ ಗೊಂಚಲು ಭುಜಕ್ಕೆ ತಾಗುತ್ತವೆ. ಗೇಟಿಲ್ಲ, ಟಿಕೆಟ್ಟಿಲ್ಲ, ಮುಚ್ಚುವ ಹೊತ್ತೂ ಇಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಯ ಮೇಲೆ. ಆದ್ದರಿಂದ ಊಟ ಮುಗಿಸಿ ಹೊರಡಿ. ಎಂಟರ ಓರೆ ಬಿಸಿಲಿನಲ್ಲಿ ಆ ಹೂಗಳ ಬಣ್ಣವೇ ಬೇರೆ.

ಜುಲೈ ಗುಲಾಬಿಯ ತಿಂಗಳು. ಗಿಡಗಳ ಹೆಸರು ಓದುತ್ತಾ ನಿಧಾನ ನಡೆಯುವವರು ನೀವಾದರೆ ಕುಂಪುಲಾ ಸಸ್ಯೋದ್ಯಾನಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. 2009ರಲ್ಲಿ ತೆರೆದದ್ದು. ಯುರೋಪು, ಜಪಾನ್, ಉತ್ತರ ಅಮೆರಿಕ ಹೀಗೆ ಪ್ರದೇಶವಾರು ಗಿಡ ಜೋಡಿಸಿದ್ದಾರೆ. ಪ್ರವಾಸಿ ಬಸ್ಸುಗಳೆಲ್ಲ ನಿಲ್ಲುವ, ಸಂಗೀತ ರಚನಕಾರ ಸಿಬೇಲಿಯಸ್ ಹೆಸರಿನ ಪಾರ್ಕಿನಲ್ಲಿ ಉಕ್ಕಿನ ಕೊಳವೆಗಳ ಸ್ಮಾರಕ ಚೆನ್ನಾಗಿದೆ, ಆದರೆ ಹೂವಿಗೆಂದು ಬಂದವರಿಗೆ ಅಲ್ಲಿ ಕಾಲು ಗಂಟೆ ಸಾಕು.

ಇನ್ನು ಚಳಿಗಾಲದ ಮಾತು. ಪಾರ್ಕುಗಳು ಮುಚ್ಚುವುದಿಲ್ಲ. ಆದರೆ ಡಿಸೆಂಬರ್ ನಡುವಿನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ, ಅಷ್ಟರಲ್ಲೇ ಹೋಗಿ ಬರಬೇಕು. ಕೆಲವು ದಾರಿಗಳ ತಲೆಯಲ್ಲಿ "ಚಳಿಗಾಲದ ನಿರ್ವಹಣೆ ಇಲ್ಲ" ಎಂಬ ಫಿನ್ನಿಶ್ ಬೋರ್ಡು ಇರುತ್ತದೆ. ಅಂದರೆ ಹಿಮ ತೆಗೆದಿಲ್ಲ, ಜಲ್ಲಿ ಚೆಲ್ಲಿಲ್ಲ, ಬಿದ್ದರೆ ನಿಮ್ಮ ಸೊಂಟ ನಿಮ್ಮ ಜವಾಬ್ದಾರಿ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಬಂದ ಮೊದಲ ದಿನವೇ ಕೊಂಡುಕೊಳ್ಳಿ.

ಹಸಿರು ಬೇಕೆನಿಸಿದರೆ ಗಾಜಿನ ಮನೆಗಳಿವೆ. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಹೆಲ್ಸಿಂಕಿಯ ಚಳಿಗಾಲದ ತೋಟ, ಇಲ್ಲಿನವರ ಮಾತಿನಲ್ಲಿ ತಲ್ವಿಪುಉತರ್ಹಾ, ತೆರೆದದ್ದು 1893ರಲ್ಲಿ. ಹೆಚ್ಚುಕಡಿಮೆ ಒಂದೇ ಕಾಲದವು, ಕಸುಬು ಮಾತ್ರ ಬೇರೆ. ನಮ್ಮದು ಫಲಪುಷ್ಪ ಪ್ರದರ್ಶನದ ಚಪ್ಪರ. ಇಲ್ಲಿನದು ತಾಳೆ, ಕಳ್ಳಿಗಳ ಜೀವ ಉಳಿಸುವ ಬೆಚ್ಚನೆಯ ಕೋಣೆ. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಆವಿ ಕವಿದು, ಹಸಿ ಮಣ್ಣಿನ ವಾಸನೆ ಮೂಗಿಗೆ ಬರುತ್ತದೆ. ಜನವರಿಯಲ್ಲಿ ಆ ವಾಸನೆಗೆಂದೇ ಹೋಗಿದ್ದೇನೆ. ಪ್ರವೇಶಕ್ಕೆ ದುಡ್ಡಿಲ್ಲ, ತೆರೆದಿದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ.

ಇನ್ನೊಂದು, ರೈಲು ನಿಲ್ದಾಣದ ಮಗ್ಗುಲಲ್ಲೇ ಇರುವ ಕೈಸಾನಿಯೆಮಿ ಸಸ್ಯೋದ್ಯಾನ. ಹೊರಗಿನ ತೋಟಕ್ಕೆ ಟಿಕೆಟ್ ಬೇಡ, ಗಾಜಿನ ಮನೆಗಳಿಗೆ ಬೇಕು. 1944ರ ಫೆಬ್ರುವರಿಯಲ್ಲಿ ಸೋವಿಯತ್ ಬಾಂಬ್ ದಾಳಿಗೆ ಅಲ್ಲಿನ ಗಾಜೆಲ್ಲ ಪುಡಿಯಾಯಿತು. ಬಾಂಬಿಗೆ ಉಳಿದ ಗಿಡಗಳೂ ಚಳಿಗೆ ಸತ್ತವು. ಆದರೆ ದೈತ್ಯ ನೈದಿಲೆಯ ಬೀಜಗಳು ಕೊಳದ ತಳದ ಕೆಸರಿನಲ್ಲಿ ಉಳಿದುಕೊಂಡಿದ್ದವು, ಮತ್ತೆ ಮೊಳೆತವು. ಆ ಕೊಳದ ಮುಂದೆ ಅಪ್ಪ ಎಷ್ಟು ಹೊತ್ತು ನಿಂತಿದ್ದರೋ! ಅವರ ಏಪ್ರಿಲ್ ಪ್ರವಾಸದಲ್ಲಿ ದಂಡವಾಗದ ಮಧ್ಯಾಹ್ನ ಅದೊಂದೇ.

ಬೇಸಿಗೆಗೆ ಬರುವವರಿಗೂ ನಾಲ್ಕು ಮಾತಿದೆ. ಇಲ್ಲಿ ಹುಲ್ಲಿನ ಮೇಲೆ ನಡೆಯಬಹುದು, ಮಲಗಬಹುದು, ಸೀಟಿ ಊದುವವರಿಲ್ಲ. ಆದರೆ ಕಡಲ ಕಡೆಯ ಪಾರ್ಕುಗಳಲ್ಲಿ ಬಿಳಿಕೆನ್ನೆಯ ಹೆಬ್ಬಾತುಗಳ ಹಿಕ್ಕೆ ಎಲ್ಲೆಂದರಲ್ಲಿ, ಹಾಗಾಗಿ ಚಾಪೆ ಇಲ್ಲದೆ ಕೂರಬೇಡಿ. ಮರಿಗಳಿದ್ದಾಗ ಹತ್ತಿರ ಹೋದರೆ ಬುಸುಗುಟ್ಟುತ್ತವೆ. ಎತ್ತರದ ಹುಲ್ಲಿನಲ್ಲಿ ಉಣ್ಣೆಹುಳುಗಳಿವೆ, ಅವುಗಳಿಂದ ಕಾಯಿಲೆ ಹರಡುತ್ತದೆ. ಕಾಲು ಮುಚ್ಚುವ ಬಟ್ಟೆ ಹಾಕಿ, ಸಂಜೆ ಮೈ ನೋಡಿಕೊಳ್ಳಿ. ಜೂನ್‌ನಲ್ಲೂ ಸ್ವೆಟರ್ ಕೈಯಲ್ಲಿರಲಿ. ಜೂನ್ 20ರಿಂದ 26ರ ನಡುವಿನ ಶನಿವಾರ ನಡುಬೇಸಿಗೆಯ ಯುಹಾನ್ನುಸ್ ಹಬ್ಬ, ಊರಿಗೆ ಊರೇ ಕೆರೆ ದಂಡೆಯ ಮನೆಗಳಿಗೆ ಹೋಗಿಬಿಡುತ್ತದೆ; ಹಾಲು, ತರಕಾರಿ ಮುಂಚೆಯೇ ತಂದಿಡಿ. ಮೊಮ್ಮಕ್ಕಳು ಜೊತೆಗಿದ್ದರೆ ಬೇಸಿಗೆ ರಜೆಯ ಮಧ್ಯಾಹ್ನ ಒಂದು ಬಟ್ಟಲು, ಚಮಚ ಹಿಡಿದು ಹೆಲ್ಸಿಂಕಿಯ ಆಟದ ಪಾರ್ಕಿಗೆ ಹೋಗಿ. 1942ರಿಂದ ನಗರಸಭೆ ಅಲ್ಲಿ ಮಕ್ಕಳಿಗೆ ಪುಕ್ಕಟೆ ಊಟ ಬಡಿಸುತ್ತಾ ಬಂದಿದೆ. ಅಜ್ಜ, ಅಜ್ಜಿಗೆ ಇಲ್ಲ, ಆಸೆ ಪಡಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಮ್ಮ ಮೊದಲ ದಿನವೇ ಕೇಳಿದ್ದರು: ಬೆಳಗಿನ ಪೂಜೆಗೆ ಪಾರ್ಕಿನ ಹೂ ಕೀಳಬಹುದೇ? ಮಡಿಯ ಹೂ, ಪೊದೆಯ ಹೂ ಯಾವುದನ್ನೂ ಕೀಳುವಂತಿಲ್ಲ. ಕಾಡಿನಲ್ಲಾದರೆ ನಾಡಿನ ಪದ್ಧತಿಯೇ ಬೇರೆ: ಹಣ್ಣು, ಅಣಬೆ, ಸಂರಕ್ಷಿತವಲ್ಲದ ಕಾಡುಹೂವು ಯಾರು ಬೇಕಾದರೂ ಕೊಯ್ಯಬಹುದು. ಜೂನ್‌ನಲ್ಲಿ ಅಲ್ಲಿ ಸಿಗುವ ಪುಟ್ಟ ಬಿಳಿ ಗಂಟೆಗಳ ಕಿಯೆಲೊ ಫಿನ್‌ಲೆಂಡಿನ ರಾಷ್ಟ್ರೀಯ ಹೂವು, ಮಲ್ಲಿಗೆಯ ಹಾಗೆಯೇ ಘಮ್ಮೆನ್ನುತ್ತದೆ. ಬೇರಿನಿಂದ ಹೂವಿನ ತನಕ ವಿಷ, ಅದನ್ನಿಟ್ಟ ನೀರೂ ವಿಷ. ದೇವರ ಮುಂದೆ ಇಡಿ, ತೀರ್ಥಕ್ಕೆ ಮಾತ್ರ ಹಾಕಬೇಡಿ.