ಒಂದು ದಿನವೂ ಮಂತ್ರಿಯಾಗದ ಶಾಸಕರನ್ನು ಇನ್ನೂ ಯಾಕೆ ನೆನೆಯುತ್ತೇವೆ?

ಓದುಗರ ಪ್ರಶ್ನೆ: ಶಾಂತವೇರಿ ಗೋಪಾಲಗೌಡರ ಹೆಸರನ್ನು ಎಲ್ಲ ಪಕ್ಷದವರೂ ಎತ್ತುತ್ತಾರೆ. ಆದರೆ ಅವರು ಮಂತ್ರಿಯಾದವರಲ್ಲ, ಮೂರು ಸಲ ಶಾಸಕರಾಗಿದ್ದರು ಅಷ್ಟೆ. ಅಧಿಕಾರವೇ ಇಲ್ಲದ ಶಾಸಕರೊಬ್ಬರು ಅಂಥ ಏನು ಕೆಲಸ ಮಾಡಿದರು?

ಉತ್ತರ: ಇದನ್ನು ಕೊಳಗದಿಂದಲೇ ಶುರುಮಾಡಬೇಕು.

ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಮಲೆನಾಡಿನಲ್ಲಿ ಒಕ್ಕಣೆ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ಜಮೀನಿನ ಒಡೆಯರಿಗೆ ಗೇಣಿ, ಅಂದರೆ ಅವರ ಗದ್ದೆ ಉಳುವುದಕ್ಕೆ ಕೊಡುವ ಬಾಡಿಗೆ, ಅಳೆದುಕೊಡಬೇಕಿತ್ತು. ಗೇಣಿ ಎಷ್ಟು ಕೊಳಗ ಅನ್ನುವುದು ಮೊದಲೇ ಮಾತಾಗಿರುತ್ತಿತ್ತು. ಆದರೆ ಆ ಕೊಳಗಕ್ಕೆ ಎಷ್ಟು ಸೇರು ಹಿಡಿಯುತ್ತದೆ? ಅದು ಒಡೆಯರಿಗೆ ಬಿಟ್ಟಿದ್ದು. ಎಣಿಕೆಯಲ್ಲಿ ಕೊಳಗ ಸರಿಯಾಗಿಯೇ ಇರುತ್ತಿತ್ತು, ಮನೆಗೆ ಉಳಿಯುವ ಭತ್ತ ಮಾತ್ರ ಕಮ್ಮಿಯಾಗುತ್ತಿತ್ತು. ವರ್ಷವಿಡೀ ಕೆಸರಿನಲ್ಲಿ ದುಡಿದವನು ತನ್ನ ರಾಶಿಯ ಮುಂದೆಯೇ ನಿಂತು ಮೋಸಹೋಗುವುದನ್ನು ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ.

ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರು ಎಂಬ ಸಮುದಾಯದವರು, ಇದನ್ನು ಒಪ್ಪುವುದಿಲ್ಲ ಎಂದು ಎದ್ದುನಿಂತರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಗೇಣಿದಾರರನ್ನು ಗದ್ದೆಯಿಂದ ದೂರ ಇಟ್ಟಾಗ, 1951ರ ಏಪ್ರಿಲ್‌ನಲ್ಲಿ ಅವರು ನೇಗಿಲು ಹಿಡಿದು ಅದೇ ಗದ್ದೆಗೆ ಇಳಿದರು. ಉಳುವುದೇ ಸತ್ಯಾಗ್ರಹ. ಇಳಿದವರನ್ನು ಪೊಲೀಸರು ಹಿಡಿದೊಯ್ದರೆ ಮರುದಿನ ಇನ್ನೊಂದು ತಂಡ ಇಳಿಯುತ್ತಿತ್ತು. ಸೋಷಲಿಸ್ಟ್ ಪಕ್ಷ ಈ ಹೋರಾಟವನ್ನು ತನ್ನದಾಗಿಸಿಕೊಂಡಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸ್ವತಃ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮುಂಚೂಣಿಯಲ್ಲಿದ್ದ ತರುಣರೇ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರದ ಶಾಂತವೇರಿ ಅವರ ಊರು. ಹುಟ್ಟಿದ್ದು 1923ರ ಮಾರ್ಚ್ 14ರಂದು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡಿದ್ದರು.

ಕಾಗೋಡು ಸತ್ಯಾಗ್ರಹದ ಮರುವರ್ಷವೇ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಲ್ಲಿ ಅವರ ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ, ಆಗಿನ ಕಾಲಕ್ಕೆ ಭಾರೀ ಹೆಸರು. ಗೋಪಾಲಗೌಡರ ಕೈಯಲ್ಲಿ ದುಡ್ಡಿಲ್ಲ. ಖರ್ಚಿಗೂ ಜನವೇ ಕೊಡಬೇಕಾಯಿತು. ‘ಒಂದು ನೋಟು, ಒಂದು ಓಟು’ ಎಂಬ ಮಾತನ್ನು ಶಿವಮೊಗ್ಗ ಸೀಮೆಯವರು ಇವತ್ತಿಗೂ ಅವರ ಹೆಸರಿನ ಜೊತೆಗೇ ಹೇಳುತ್ತಾರೆ. ಅವರು ಗೆದ್ದರು. ಇವತ್ತು ಓಟಿಗೆ ನೋಟು ಕೊಡುವುದನ್ನೇ ಕಂಡು ಬೆಳೆದವರಿಗೆ ಇದನ್ನು ನಂಬುವುದು ಕಷ್ಟ. ಅದಕ್ಕೇ ಮತ್ತೆ ಮತ್ತೆ ಹೇಳಬೇಕು ಅನಿಸುತ್ತದೆ.

ಈಗ ಪ್ರಶ್ನೆಯ ತಿರುಳಿಗೆ ಬರೋಣ. 99 ಸ್ಥಾನಗಳ ಆ ಮೈಸೂರು ವಿಧಾನಸಭೆಯಲ್ಲಿ ಸೋಷಲಿಸ್ಟರು ಮೂವರೇ. ಮತಕ್ಕೆ ಹಾಕಿದರೆ ಯಾವುದನ್ನೂ ಗೆಲ್ಲುವಂತಿರಲಿಲ್ಲ. ಆದರೆ ಶಾಸಕನ ಕೈಯಲ್ಲಿ ಮತ ಒಂದೇ ಇರುವುದಿಲ್ಲ. ಪ್ರಶ್ನೋತ್ತರ ವೇಳೆಯಲ್ಲಿ ಕೇಳಿದ್ದಕ್ಕೆ ಮಂತ್ರಿ ಎದ್ದುನಿಂತು ಉತ್ತರ ಕೊಡಲೇಬೇಕು, ಕೊಟ್ಟದ್ದು ಕಡತದಲ್ಲಿ ಉಳಿಯುತ್ತದೆ. ಮಸೂದೆ ಬಂದಾಗ ಒಂದೊಂದು ಕಲಮಿಗೂ ತಿದ್ದುಪಡಿ ಸೂಚಿಸಬಹುದು. ಬಜೆಟ್ ಬಂದಾಗ ಇಲಾಖೆಯ ಹಣದ ಬೇಡಿಕೆಯ ಮೇಲೆ ಮಾತಾಡಿ ಆ ಇಲಾಖೆ ಮಾಡದೆ ಬಿಟ್ಟದ್ದನ್ನೆಲ್ಲ ಹೊರಗೆಳೆಯಬಹುದು. ಇದಕ್ಕೆ ಬೇಕಾದದ್ದು ಓದು, ತಾಳ್ಮೆ, ಮಾತಿನ ಮೇಲೆ ಹಿಡಿತ. ಮೂರೂ ಗೋಪಾಲಗೌಡರಲ್ಲಿದ್ದವು. ಗೇಣಿದಾರನ ಹಕ್ಕು, ಭೂಮಿ ಹಂಚಿಕೆ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು: ಈ ನಾಲ್ಕನ್ನು ಅವರು ಬಿಡಲೇ ಇಲ್ಲ.

ಕಾಂಗ್ರೆಸ್ಸಿನ ಕಡೆಯಲ್ಲಿ ಕೆಲಸ ಆಗಲೇ ಇಲ್ಲ ಅಂದರೆ ಅನ್ಯಾಯವಾಗುತ್ತದೆ. ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪ ಕಂದಾಯ ಮಂತ್ರಿಯಾಗಿ ಗೇಣಿ ಶಾಸನ, ಇನಾಂ (ಹಿಂದಿನ ಆಳುವವರು ಕೊಡುಗೆಯಾಗಿ ಕೊಟ್ಟ ಜಮೀನು) ರದ್ದತಿಗೆ ದುಡಿದವರು. ಆದರೆ ಕಾನೂನಿನಲ್ಲಿ ಒಡೆಯರು ನುಸುಳಿಕೊಳ್ಳಲು ದಾರಿಗಳು ಉಳಿದಿದ್ದವು. ‘ಸ್ವಂತ ಸಾಗುವಳಿ’, ಅಂದರೆ ನಾನೇ ಉಳುತ್ತೇನೆ, ಎಂಬ ನೆಪದಲ್ಲಿ ಗೇಣಿದಾರನನ್ನು ಎಬ್ಬಿಸಬಹುದಿತ್ತು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ಅಷ್ಟರೊಳಗೆ ಎಷ್ಟು ಗದ್ದೆ ಕೈಬದಲಾಗಬಹುದು, ನೀವೇ ಲೆಕ್ಕಹಾಕಿ.

1957ರಲ್ಲಿ ಗೋಪಾಲಗೌಡರು ಸೋತರು. 1962ರಲ್ಲಿ, ಮತ್ತೆ 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದುಬಂದರು. ಸೋತ ಐದು ವರ್ಷದಲ್ಲಿ ಆಳುವ ಪಕ್ಷ ಸೇರಿದ್ದರೆ ಅವರನ್ನು ಬೇಡ ಅನ್ನುವವರು ಇರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಅವರು ಹೋಗಲಿಲ್ಲ. ಕವಿಗಳು, ಕತೆಗಾರರು, ಹೋರಾಟಗಾರರು ಅವರ ಸುತ್ತ ಸೇರುತ್ತಿದ್ದರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲ್, ಅದೇ ವರ್ಷ ಸೊರಬದಿಂದ ಶಾಸಕರಾದ ಎಸ್. ಬಂಗಾರಪ್ಪ, ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪ, ಎಲ್ಲರೂ ಆ ಸಮಾಜವಾದಿ ಗರಡಿಯವರು. ಇವರಲ್ಲಿ ಇಬ್ಬರು ಮುಖ್ಯಮಂತ್ರಿಗಳಾದರು, ಒಬ್ಬರು ಸ್ಪೀಕರ್ ಆದರು.

ಗೋಪಾಲಗೌಡರಿಗೆ ಆಯಸ್ಸು ಸಾಲಲಿಲ್ಲ. ಆರೋಗ್ಯ ಕೈಕೊಟ್ಟು 1972ರ ಜೂನ್ 9ರಂದು ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ. ಅವರು ಹೋಗಿ ಒಂದೂವರೆ ವರ್ಷ ಆಗುವುದರೊಳಗೆ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರ ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿದರೆ ಉಳುತ್ತಿದ್ದ ಜಮೀನು ಅವನದೇ ಆಗುವ ದಾರಿ ತೆರೆಯಿತು. ಸಹಿ ಹಾಕಿದ ಕೈ ಅರಸರದು, ಆ ಗೌರವ ಅವರಿಗೇ ಸಲ್ಲಬೇಕು. ಆದರೆ ಸಹಿ ಬೀಳುವುದಕ್ಕೆ ಇಪ್ಪತ್ತು ವರ್ಷ ಮೊದಲಿಂದ, ಮೂರೇ ಜನರ ಬೆಂಚಿನಿಂದ ಎದ್ದುನಿಂತು ಆ ಮಾತನ್ನು ಕಡತಕ್ಕೆ ಸೇರಿಸುತ್ತ ಬಂದವರು ಒಬ್ಬರಿದ್ದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ನಮ್ಮ ಕಡೆ ಹಳಬರು ಜಮೀನಿನ ಮಾತು ಬಂದಾಗ ಈಗಲೂ ‘ಇದು ಡಿಕ್ಲರೇಷನ್ನಿನಲ್ಲಿ ಬಂದ ಗದ್ದೆ’ ಅನ್ನುತ್ತಾರೆ. ಡಿಕ್ಲರೇಷನ್ ಅಂದರೆ ಅದೇ ಫಾರಂ 7ರ ಅರ್ಜಿ. ನೆಂಟರೊಬ್ಬರ ಮನೆಯಲ್ಲಿ ಹಾಗೆ ಬಂದ ಗದ್ದೆಯ ಕಾಗದವನ್ನು ಕಬ್ಬಿಣದ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಾರೆ. ಮನೆಯ ಅಜ್ಜಿಗೆ ಓದು ಬಾರದು. ಅದನ್ನು ನನಗೆ ತೋರಿಸುವ ಮೊದಲು ಸೆರಗಿನಿಂದ ಎರಡು ಸಲ ಕೈ ಒರೆಸಿಕೊಂಡರು.