ಹಾಡು ಊರೆಲ್ಲ ಹಾಡಿತು, ಬ್ಲೂಸ್ ಗಾಯಕರಿಗೆ ದುಡ್ಡು ಯಾಕೆ ಬರಲಿಲ್ಲ?

ಪ್ರಶ್ನೆ: ಅಮೆರಿಕದ ಹಳೇ ಬ್ಲೂಸ್ (ಅಲ್ಲಿನ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಶೈಲಿ) ಗಾಯಕರ ಹಾಡುಗಳನ್ನು ದೊಡ್ಡ ದೊಡ್ಡ ರಾಕ್ ತಾರೆಯರು ಹಾಡಿ ಗೆದ್ದರು. ಆದರೆ ಹಾಡು ಕಟ್ಟಿದವರಲ್ಲಿ ಎಷ್ಟೋ ಜನ ಬಡತನದಲ್ಲೇ ತೀರಿಕೊಂಡರು. ಕುಡಿತ, ದುಂದುವೆಚ್ಚ ಇದಕ್ಕೆ ಕಾರಣವಾ?

ಉತ್ತರ: ಅಲ್ಲ. ಕುಡಿತದ ಕಥೆ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಿಜವಾದ ಕಾರಣ ಇರುವುದು ಕರಾರು ಪತ್ರದಲ್ಲಿ.

ಒಂದು ರೆಕಾರ್ಡಿನಿಂದ ಎರಡು ಥರದ ದುಡ್ಡು ಬರುತ್ತದೆ. ಹಾಡಿದ್ದಕ್ಕೆ ಒಂದು, ಹಾಡು ಕಟ್ಟಿದ್ದಕ್ಕೆ ಇನ್ನೊಂದು. ಹಾಡಿದ್ದಕ್ಕೆ ಆಗ ಸಿಗುತ್ತಿದ್ದದ್ದು ಹೆಚ್ಚಾಗಿ ದಿನಗೂಲಿಯ ಹಾಗೆ ಒಂದೇ ಸಲದ ಮೊತ್ತ. ಬೆಸ್ಸಿ ಸ್ಮಿತ್ 1920ರ ದಶಕದಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಯ ದೊಡ್ಡ ಬ್ಲೂಸ್ ತಾರೆ. ಅವರಿಗೂ ಹಾಡಿಗೆ ಇಷ್ಟು ಅಂತ ಕೊಟ್ಟು ಮುಗಿಸಿದರು, ರಾಯಲ್ಟಿ, ಅಂದರೆ ಮಾರಾಟವಾದಷ್ಟಕ್ಕೂ ಪಾಲು, ಇಲ್ಲ. 1937ರಲ್ಲಿ ಅವರು ತೀರಿಕೊಂಡ ಮೇಲೆ 1970ರವರೆಗೂ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಕೊನೆಗೆ ಕಲ್ಲಿನ ಖರ್ಚು ಕೊಟ್ಟವರು ಗಾಯಕಿ ಜಾನಿಸ್ ಜಾಪ್ಲಿನ್ ಮತ್ತು ಚಿಕ್ಕಂದಿನಲ್ಲಿ ಬೆಸ್ಸಿ ಮನೆಯಲ್ಲಿ ಕೆಲಸ ಮಾಡಿದ್ದ ಒಬ್ಬ ಮಹಿಳೆ.

ಹಾಡು ಕಟ್ಟಿದ್ದಕ್ಕೆ ಬರುವ ದುಡ್ಡೇ ಜಾಸ್ತಿ ದಿನ ಬಾಳುವಂಥದ್ದು. 1909ರ ಅಮೆರಿಕದ ಕಾನೂನಿನಂತೆ, ಒಂದೊಂದು ರೆಕಾರ್ಡಿಗೂ ಹಾಡಿನ ಹಕ್ಕುದಾರರಿಗೆ 2 ಸೆಂಟ್ ಸಲ್ಲಬೇಕಿತ್ತು. ಚಿಲ್ಲರೆ ಅನ್ನಿಸಬಹುದು. ಆದರೆ ಹತ್ತು ಲಕ್ಷ ರೆಕಾರ್ಡಿಗೆ 20 ಸಾವಿರ ಡಾಲರ್ ಆಯಿತಲ್ವಾ? ಬೇರೆ ಯಾರೇ ಆ ಹಾಡನ್ನು ಹಾಡಿದರೂ ಲೆಕ್ಕ ಇದೇ ಆಗಿತ್ತು. ತೊಡಕು ಎಲ್ಲಿತ್ತು ಅಂದರೆ, ಹಕ್ಕನ್ನು ಮ್ಯಾನೇಜರೋ ಪ್ರಕಾಶಕರೋ (ಹಾಡುಗಳ ಹಕ್ಕು ಇಟ್ಟುಕೊಂಡು ದುಡ್ಡು ವಸೂಲು ಮಾಡುವವರು) ಮೊದಲೇ ಬರೆಸಿಕೊಂಡುಬಿಡುತ್ತಿದ್ದರು.

ಬ್ಲೂಸ್ ಗಾಯಕ ಆರ್ಥರ್ ಕ್ರುಡಪ್ ಕಥೆ ನೋಡಿ. ಮಿಸಿಸಿಪ್ಪಿಯಲ್ಲಿ 1905ರಲ್ಲಿ ಹುಟ್ಟಿದವರು. ಶಿಕಾಗೋಗೆ ಬಂದಾಗ ಮನೆಯಿಲ್ಲದೆ ರೈಲು ಸೇತುವೆಯ ಕೆಳಗೆ, ಮರದ ಪೆಟ್ಟಿಗೆಯೊಳಗೆ ಮಲಗುತ್ತಿದ್ದರು. ಲೆಸ್ಟರ್ ಮೆಲ್ರೋಸ್ ಎಂಬ ರೆಕಾರ್ಡ್ ನಿರ್ಮಾಪಕರು ಕ್ರುಡಪ್‌ರನ್ನು ಸ್ಟುಡಿಯೋಗೆ ಕರೆದೊಯ್ದರು. ಹಾಡುಗಳ ಹಕ್ಕು ಮೆಲ್ರೋಸ್ ಕೈ ಸೇರಿತು. 1946ರಲ್ಲಿ ಕ್ರುಡಪ್ 'ದಟ್ಸ್ ಆಲ್ ರೈಟ್' ಹಾಡಿದರು. 1954ರಲ್ಲಿ, ಮುಂದೆ ದೊಡ್ಡ ರಾಕ್ ತಾರೆಯಾದ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಬಂತು. ಹಾಡು ಅದೇ. ರೆಕಾರ್ಡಿನ ಲೇಬಲ್ ಮೇಲೆ ಕ್ರುಡಪ್ ಹೆಸರು ಅಚ್ಚಾಗಿತ್ತು! ಹೆಸರು ಬಂತು, ದುಡ್ಡು ಬರಲಿಲ್ಲ. ಅವರು ರೆಕಾರ್ಡಿಂಗ್ ಬಿಟ್ಟು ಹೊಲದ ಕೂಲಿಗೆ ಹೋದರು.

1960ರ ದಶಕದ ಕೊನೆಗೆ ಡಿಕ್ ವಾಟರ್‌ಮನ್ ಎಂಬ ಮ್ಯಾನೇಜರ್ ಬಾಕಿ ವಸೂಲಿಗೆ ನಿಂತರು. ಹಕ್ಕು ಆ ಹೊತ್ತಿಗೆ ಹಿಲ್ ಅಂಡ್ ರೇಂಜ್ ಎಂಬ ಪ್ರಕಾಶನ ಸಂಸ್ಥೆಯ ಬಳಿ ಇತ್ತು. 60 ಸಾವಿರ ಡಾಲರಿಗೆ ರಾಜಿಯ ಮಾತಾಯಿತು. ಕ್ರುಡಪ್ ಮಕ್ಕಳ ಜೊತೆ ನ್ಯೂಯಾರ್ಕಿಗೆ ಹೋಗಿ ಸಹಿಯನ್ನೂ ಹಾಕಿದರು. ಆದರೆ ಸಂಸ್ಥೆಯವರು ಕೊನೇ ಗಳಿಗೆಯಲ್ಲಿ ಸಹಿ ಹಾಕಲಿಲ್ಲ. ಕೋರ್ಟಿಗೆ ಹೋದರೂ ಈತನಿಗೆ ಇಷ್ಟು ಸಿಗಲಿಕ್ಕಿಲ್ಲ ಎಂಬುದು ಅವರ ಲೆಕ್ಕಾಚಾರ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕ್ರುಡಪ್ 1974ರಲ್ಲಿ ತೀರಿಕೊಂಡರು. ಆ ಸಂಸ್ಥೆ ಮಾರಾಟಕ್ಕೆ ಬಂದಾಗ ಈ ತಕರಾರು ಅಡ್ಡ ಬಂತು. ಆಮೇಲಷ್ಟೇ ಕುಟುಂಬಕ್ಕೆ ಹಣ ಸಿಕ್ಕಿತು. ಮೊದಲ ಚೆಕ್ಕೇ 2 ಲಕ್ಷ ಡಾಲರಿಗೂ ಜಾಸ್ತಿ.

ಎಲ್ಲರೂ ಸೋಲಲಿಲ್ಲ. ಬ್ಲೂಸ್ ಹಾಡು ಕಟ್ಟುತ್ತಿದ್ದ ವಿಲ್ಲಿ ಡಿಕ್ಸನ್ ತಮ್ಮ ಹಾಡುಗಳ ಹಕ್ಕಿಗಾಗಿ ಪ್ರಕಾಶಕರ ಮೇಲೆ ಕೇಸು ಹಾಕಿದರು. 1985ರಲ್ಲಿ, ತಮ್ಮ ಹಾಡನ್ನು ಬಳಸಿಕೊಂಡಿದ್ದಾರೆ ಅಂತ ಲೆಡ್ ಜೆಪ್ಪೆಲಿನ್ ಎಂಬ ಬ್ರಿಟಿಷ್ ರಾಕ್ ತಂಡದ ಮೇಲೂ ಹಾಕಿದರು, 1987ರಲ್ಲಿ ರಾಜಿಯಾಯಿತು. ಅವರು ಕಟ್ಟಿದ ಬ್ಲೂಸ್ ಹೆವನ್ ಫೌಂಡೇಷನ್, ಬೇರೆ ಕಲಾವಿದರಿಗೂ ಬಾಕಿ ರಾಯಲ್ಟಿ ಕೊಡಿಸುವ ಕೆಲಸಕ್ಕೆ ಕೈ ಹಾಕಿತು.